ಖಾಸಗಿ ಅಭ್ಯರ್ಥಿ

ಸುರಪುರದ ರಂಗಂಪೇಟೆಯಲ್ಲಿ ಬಾವಿ ಓಣಿ ಅಂತ ಒಂದಿದೆ. ಅಲ್ಲಿ ಮೂವತ್ತೆರಡು ಮನೆ, ಮೂವತ್ತೆರಡು ಬಾಗಿಲು, ಬಾಗಿಲಿಗೊಂದು ಬೀಗ. ಆದರೆ ಅಷ್ಟೂ ಬೀಗಗಳಿಗೆ ಕೀಲಿಕೈ ಒಂದೇ. ಅದು ಗೊಲ್ಲಾಳಮ್ಮನ ಎಲೆಯಡಿಕೆ ಚೀಲದೊಳಗೆ, ಸುಣ್ಣದ ಡಬ್ಬಿಗೆ ಒರಗಿ ಮಲಗಿರುತ್ತಿತ್ತು. ಗುಂಡಿ ಒತ್ತುವ ಹಳೆಯ ಫೋನು; ಬೆನ್ನು ಬಿಟ್ಟುಹೋಗದಿರಲೆಂದು ರಬ್ಬರ್ ಬ್ಯಾಂಡ್ ಸುತ್ತಿದ್ದು.

ಆಧಾರ್ ಬರೆದುಕೊಳ್ಳುವವರು ಮೊದಲ ಸಲ ಓಣಿಗೆ ಬಂದ ದಿನ ಇಡೀ ಓಣಿಯಲ್ಲಿದ್ದದ್ದು ಅದೊಂದೇ ಫೋನು. ಮೊಬೈಲ್ ನಂಬರ್ ಕೇಳಿದಾಗ ಎಲ್ಲರೂ ಅದೇ ಹತ್ತು ಅಂಕಿ ಒಪ್ಪಿಸಿದರು. ಆಮೇಲೆ ಮನೆಮನೆಗೆ ಬಣ್ಣಬಣ್ಣದ ಫೋನು ಬಂದವು. ಆದರೆ ಬರೆಸಿದ ನಂಬರ್ ಬದಲಿಸುವ ಉಸಾಬರಿಗೆ ಯಾರೂ ಹೋಗಲಿಲ್ಲ. ಹೀಗಾಗಿ ಸಿಲಿಂಡರು, ರೇಷನ್ನು, ಪಿಂಚಣಿ, ತಾಯಿಕಾರ್ಡು, ಯಾರದೇ ಆಗಲಿ, ಓಟಿಪಿ ಬಂದು ಬೀಳುವುದು ಗೊಲ್ಲಾಳಮ್ಮನ ಚೀಲದಲ್ಲಿ.

ಗೊಲ್ಲಾಳಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಚೀಲ ಟಿಣ್ ಅಂದರೆ ಸಾಕು, ಮನೆಮುಂದಿನ ಕಟ್ಟೆಯ ಮೇಲೆ ನೆಟ್ಟಗೆ ಕೂತು ಕೂಗುತ್ತಿದ್ದಳು: "ನಾಕು, ಎಂಟು, ಸೊನ್ನಿ, ಎರಡು! ಯಾರದಬೇ ಇದು? ಹತ್ತು ನಿಮಿಷಕ್ಕ ಸತ್ತೋಗ್ತದ, ಲಗೂ ಬರ್ರಿ!"

ನಾಲ್ಕಂಕಿಯಾದರೆ ಗ್ಯಾಸು, ಆರಂಕಿಯಾದರೆ ಬ್ಯಾಂಕು ಅಥವಾ ಸರ್ಕಾರ ಎಂದು ಆಕೆಗೆ ಗೊತ್ತು. ಯಾರ ಮನೆಯಲ್ಲಿ ಸಿಲಿಂಡರು ಎಷ್ಟು ದಿನಕ್ಕೆ ಮುಗಿಯುತ್ತದೆ, ಯಾರ ಸೊಸೆ ಬಸುರಿ ಎಂಬುದು ಅವರವರ ಅತ್ತೆಯರಿಗಿಂತ ಮೊದಲು ಈಕೆಗೆ ತಿಳಿಯುತ್ತಿತ್ತು. ಒಮ್ಮೆ ಎದುರುಮನೆಯ ಮುನ್ನಿಬೀ, ಬಟ್ಟೆ ಹೊಲಿಯುವಾಕೆ, ಫೋನು ಇಸಿದುಕೊಂಡು ಓದಿ ಹೇಳಿದ್ದಳು:

"ಗೊಲ್ಲಾಳಮ್ಮಾ, ಇದ್ರಾಗ ಯಾರಿಗೂ ಹೇಳಬ್ಯಾಡ್ರಿ ಅಂತ ಬರದದ ನೋಡ್ರಿ."

"ಯಾರಿಗೂ ಅಂದ್ರ ಹೊರಗಿನವರಿಗವ್ವ," ಎಂದಿದ್ದಳು ಗೊಲ್ಲಾಳಮ್ಮ. "ನಮ್ಮ ಓಣ್ಯಾಗ ಹೊರಗಿನವರು ಯಾರದಾರ?"

ಇಂಥ ಓಣಿಯಲ್ಲಿ, ಇಂಥ ಅತ್ತೆಯ ಮನೆಯಲ್ಲಿ, ಬಸವೇಶ್ವರಿ ಹತ್ತೊಂಬತ್ತು ವರ್ಷಗಳಿಂದ ಒಂದು ಗುಟ್ಟು ಸಾಕಿಕೊಂಡಿದ್ದಳು.

ಬಳಿಚಕ್ರದ ತವರಿನಲ್ಲಿ ಕನ್ಯೆ ನೋಡಲು ಬಂದ ದಿನ ಗೊಲ್ಲಾಳಮ್ಮ, "ಹುಡುಗಿ ಸಾಲಿ ಎಷ್ಟು?" ಎಂದು ಕೇಳಿದ್ದಳು. ಬಸವೇಶ್ವರಿಯ ಕಾಕಾ ಮೀಸೆ ತಿರುವಿ, "ಹತ್ತನೇತ್ತ ಆಗ್ಯದ," ಎಂದಿದ್ದ. ಸುಳ್ಳಲ್ಲ. ಹತ್ತನೆಯ ಇಯತ್ತೆ ಆಗಿತ್ತು; ಗಣಿತದಲ್ಲಿ ಢುಮ್ಕಿ ಹೊಡೆದೂ ಆಗಿತ್ತು. ಆ "ಆಗ್ಯದ"ದ ಹೊಟ್ಟೆಯೊಳಗೆ ಪಾಸು ಇದೆಯೋ ಫೇಲು ಇದೆಯೋ ಎಂದು ಯಾರೂ ಕೇಳಲಿಲ್ಲ. ಅಂದಿನಿಂದ ಗೊಲ್ಲಾಳಮ್ಮ ಓಣಿಯುದ್ದಕ್ಕೂ "ನಮ್ಮ ಮ್ಯಾಟ್ರಿಕ್ ಸೊಸಿ" ಎಂದು ಸಾರಿಕೊಂಡು ಬಂದಿದ್ದಳು. ಮೊಮ್ಮಗಳು ಸೌಭಾಗ್ಯ ಚೆನ್ನಾಗಿ ಓದಿ ಕಲಬುರಗಿಯ ಹಾಸ್ಟೆಲ್ ಸೇರಿದಾಗ, "ತಾಯಿ ಹಂಗ ಮಗಳು" ಎಂದು ಪೇಢೆ ಹಂಚಿದ್ದಳು. ಆ ಪೇಢೆ ಬಸವೇಶ್ವರಿಯ ಗಂಟಲಲ್ಲಿ ಇಳಿದಿರಲಿಲ್ಲ.

ಈಗ ಓಣಿಯ ಅಂಗನವಾಡಿ ಸಹಾಯಕಿ ನಿವೃತ್ತಿಯಾಗಲಿದ್ದಳು. ಜೂನ್ ತಿಂಗಳಲ್ಲಿ ಅರ್ಜಿ. ಆ ಕೆಲಸಕ್ಕೆ ಹತ್ತನೆಯ ಇಯತ್ತೆ ಪಾಸಾಗಿರಬೇಕು.

"ಆ ನೌಕರಿ ನಮ್ಮದಾತು ಅಂತ ತಿಳಕೋ," ಎಂದಳು ಗೊಲ್ಲಾಳಮ್ಮ. "ನಿನ್ನ ಮಾರ್ಕ್ಸ್ ಕಾರ್ಡ್ ಎಲ್ಲದ?"

"ಬಳಿಚಕ್ರದಾಗ ಟ್ರಂಕಿನ್ಯಾಗ ಅದರಿ ಅತ್ತಿ. ತರಿಸ್ತೀನಿ."

ಟ್ರಂಕಿನಲ್ಲಿ ಇಲ್ಲದ ಕಾರ್ಡನ್ನು ತರಿಸುವ ದಾರಿ ಒಂದೇ ಉಳಿದಿತ್ತು: ಯಾರಿಗೂ ತಿಳಿಯದ ಹಾಗೆ ಪರೀಕ್ಷೆ ಬರೆದು ಪಾಸಾಗುವುದು, ಕಾಕಾನ ಅರ್ಧ ಸುಳ್ಳನ್ನು ಪೂರ್ತಿ ನಿಜ ಮಾಡುವುದು.

ಸುರಪುರದಲ್ಲಿ ಅರ್ಜಿ ಹಾಕಿದರೆ ಕಂಪ್ಯೂಟರಿಗಿಂತ ಮೊದಲು ಓಣಿಗೆ ಸುದ್ದಿ ಮುಟ್ಟುತ್ತದೆ. ಆದ್ದರಿಂದ ಜನವರಿಯ ಒಂದು ದಿನ ಬ್ಯಾಟರಿ ಬದಲಿಸಿಕೊಂಡು ಬರುತ್ತೇನೆಂದು ಅತ್ತೆಯ ಫೋನು ಇಸಿದುಕೊಂಡು, ಬಸವೇಶ್ವರಿ ಶಹಾಪುರದ ಬಸ್ಸು ಹತ್ತಿದಳು. ಆ ದಿನ ಬಾವಿ ಓಣಿಯಲ್ಲಿ ಎರಡು ಸಿಲಿಂಡರು ಬಾಗಿಲ ತನಕ ಬಂದು ವಾಪಸು ಹೋದವು. ಮತ್ತೆಂದೂ ಫೋನು ಓಣಿ ದಾಟಕೂಡದೆಂದು ಹೆಂಗಸರೆಲ್ಲ ಕೂಡಿ ಠರಾವು ಮಾಡಿದರು.

ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ ಶಿವಶರಣನ ಆನ್‌ಲೈನ್ ಸೆಂಟರ್. ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ 'ನಿಮ್ಮ ಗುಟ್ಟು ನಮ್ಮ ಹೊಣೆ' ಎಂದಿತ್ತು. ಅದರ ಕೆಳಗಿನ ಗೋಡೆಗೆ ಯಾರ್ಯಾರದೋ ಆಧಾರ್ ಕಾರ್ಡು, ಜಾತಿ ಸರ್ಟಿಫಿಕೇಟು, ಪಾಸ್‌ಬುಕ್ಕಿನ ಝರಾಕ್ಸುಗಳನ್ನು ಗಿರಾಕಿಗಳಿಗೆ ನಮೂನೆ ತೋರಿಸಲೆಂದು ಅಂಟಿಸಿದ್ದರು. ಶಿವಶರಣನ ದನಿ ದನದ ಸಂತೆಯಲ್ಲಿ ಪಳಗಿದ್ದು.

"ಏನಾಗಬೇಕ್ರಿ ಅಕ್ಕೋರೆ?"

ಬಸವೇಶ್ವರಿ ಬಾಯಿಗೆ ಸೆರಗು ಹಿಡಿದು, "ಹತ್ತನೇತ್ತ ಪರೀಕ್ಷಾಕ ಅರ್ಜಿ ಹಾಕಬೇಕಾಗಿತ್ರಿ," ಎಂದಳು.

"ಮಗಳಿಗೇನ್ರಿ?"

"ನನಗರಿ."

"ನಿಮಗಾ!" ಸರದಿಯಲ್ಲಿ ನಿಂತ ಹದಿನೈದು ತಲೆಗಳು ತಿರುಗಿದವು. "ಮೊದ್ಲ ಫೇಲಾಗೀರೇನು? ಯಾವುದ್ರಾಗ?"

"ಸಣ್ಣಗ ಮಾತಾಡ್ರಿ."

"ಅಯ್ಯ, ಚಿಂತಿ ಬಿಡ್ರಿ, ನಮ್ಮಲ್ಲಿ ಎಲ್ಲಾ ಗುಪ್ತ ಇರ್ತದ," ಎಂದು ಶಿವಶರಣ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಅಭಯ ಕೊಟ್ಟ. "ಗಣಿತಾ? ಎಷ್ಟ್ ಬಂದಿದ್ವು?"

"ಹದಿನೇಳು."

"ಹದಿನೇಳೂ!"

ಹಿಂದೆ ನಿಂತಿದ್ದ ರುಮಾಲಿನ ಮುದುಕ ಸಮಾಧಾನ ಹೇಳಿದ: "ಇರ್ಲಿ ಬಿಡವ್ವ, ನನಗ ಒಂಬತ್ತು ಬಂದಿದ್ವು. ನಾ ಏನರೆ ಸತ್ತೀನೇನು?"

ಫೋಟೋ, ಆಧಾರ್, ಓಟಿಪಿ ಎಲ್ಲ ಮುಗಿಯುವಾಗ ಪರದೆಯ ಮೇಲೆ ಅವಳ ಹೆಸರಿನ ಮುಂದೆ ಎರಡು ಶಬ್ದ ಮೂಡಿದವು: ಖಾಸಗಿ ಅಭ್ಯರ್ಥಿ. ಬಸವೇಶ್ವರಿಗೆ ಎದೆ ತಂಪಾಯಿತು. ಅವಳ ಬದುಕಿನಲ್ಲಿ ಖಾಸಗಿ ಎಂಬುದು ಅದೊಂದೇ ಆಗಿತ್ತು. ಬಚ್ಚಲಿಗೆ ಬಾಗಿಲಿನ ಬದಲು ಪರದೆ ಇತ್ತು, ಜ್ವರ ಬಂದರೆ ಓಣಿಯೆಲ್ಲ ಹಣೆ ಮುಟ್ಟಿ ನೋಡುತ್ತಿತ್ತು. ಈಗ ಸರ್ಕಾರವೇ ಅವಳನ್ನು ಖಾಸಗಿ ಎಂದು ಬರೆದು ಕೊಟ್ಟಿತ್ತು.

"ಪಾಸ್‌ವರ್ಡ್ ಏನ್ ಇಡೋಣ್ರಿ? ಎಲ್ಲಾರಿಗೂ ನಾ ಒಂದೇ ಇಟ್ಟೀನಿ, ನಿಮಗೂ ಅದನ್ನೇ ಇಡ್ಲ್ಯಾ? ಮರೆಯಂಗಿಲ್ಲ."

"ಬ್ಯಾಡ. ನನಗ ನಂದೇ ಬೇಕು."

"ಹಂಗಾದ್ರ ನಿಮ್ಮ ಬಾಯಾಗ ಸತ್ತರೂ ಬರಬಾರದಂಥದ್ದು ಇಡ್ರಿ."

ಬಸವೇಶ್ವರಿ ಯೋಚಿಸಿದಳು. ಅಜ್ಜಿಯರ ಕಥೆಯ ರಾಕ್ಷಸ ತನ್ನ ಪ್ರಾಣವನ್ನು ಏಳು ಸಮುದ್ರದಾಚೆಯ ಗಿಳಿಯೊಳಗೆ ಇಟ್ಟಿರುತ್ತಿದ್ದ. ತನಗೂ ಅಂಥದೊಂದು ಗಿಳಿ ಬೇಕು. ತಟ್ಟನೆ ಹೊಳೆಯಿತು. ಹತ್ತೊಂಬತ್ತು ವರ್ಷಗಳಲ್ಲಿ ಒಮ್ಮೆಯೂ ನಾಲಿಗೆಯ ಮೇಲೆ ಬಾರದ ಶಬ್ದ ಒಂದಿತ್ತು. 'ಇವರು', 'ಸೌಭಾಗ್ಯನ ಅಪ್ಪ', ಅತ್ತೆಯ ಮುಂದೆ 'ನಿಮ್ಮ ಮಗ' ಎಂದೇ ದಾಟಿಸಿಕೊಂಡು ಬಂದ ಹೆಸರು. ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು, ಶಿವಶರಣನನ್ನು ಆಚೆ ಮುಖ ಮಾಡಿಸಿ, ಒಂದೇ ಬೆರಳಿನಿಂದ ಗಂಡನ ಹೆಸರನ್ನು ಇಂಗ್ಲಿಷಿನಲ್ಲಿ ಒತ್ತಿದಳು. ಮುಖ ಕೆಂಪಾಯಿತು. ಮದುವೆಯ ನಂತರ ಗಂಡನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಎರಡು ತಿಂಗಳು ಸೌಭಾಗ್ಯಳ ಹಳೆಯ ಗಣಿತ ಪುಸ್ತಕ ಜೋಳದ ಡಬ್ಬಿಯೊಳಗೆ ಬಾಳಿತು. ಅತ್ತೆ ಕಟ್ಟೆಗೆ ಹೋದಾಗ ಹೊರಗೆ ಬರುತ್ತಿತ್ತು, ಹಿಟ್ಟು ಕೊಡವಿಕೊಂಡು.

ಪರೀಕ್ಷೆಗೆ ಎರಡು ದಿನ ಇರುವಾಗ ಹಾಲ್‌ಟಿಕೇಟು ತೆಗೆಸಲು ಮತ್ತೆ ಶಹಾಪುರಕ್ಕೆ ಬಂದಳು. ಪಾಸ್‌ವರ್ಡ್ ಇದ್ದರೆ ಸಾಕು, ಓಟಿಪಿ ಬೇಡ ಎಂದು ಶಿವಶರಣ ಮೊದಲೇ ಹೇಳಿದ್ದ. ಆದರೆ ಈ ಸಲ ಅಂಗಡಿಯಲ್ಲಿ ಗಾಜಿನ ಅಡ್ಡಗೋಡೆ ಎದ್ದಿತ್ತು. ಅದರ ಮೇಲೆ 'ಸುರಕ್ಷತೆಗಾಗಿ ಗಿರಾಕಿಗಳು ಕೀಬೋರ್ಡ್ ಮುಟ್ಟಬಾರದು' ಎಂಬ ಚೀಟಿ.

"ಪಾಸ್‌ವರ್ಡ್ ಹೇಳ್ರಿ ಅಕ್ಕೋರೆ."

"ಅದು ನನ್ನ ಬಾಯಿಲೆ ಬರಂಗಿಲ್ಲರಿ."

"ಯಾಕ, ಬೈಗಳ ಏನ್ರಿ?"

"ಛೀ, ಅಲ್ಲರಿ. ಅದು... ನಮ್ಮ ಮನಿಯವರದು."

"ಓಹೋ, ಗಂಡನ ಹೆಸರು!" ಎಂದ ಶಿವಶರಣ. ಸರದಿ ತುಂಬ ನಗೆ ಹರಡಿತು. ಸಂತೆಗೆ ಬಂದಿದ್ದ ಹೆಂಗಸರು ಮುಂದೆ ನುಗ್ಗಿ, "ಒಡಪು ಹಚ್ಚಿ ಹೇಳವ್ವ! ಒಡಪಿನ್ಯಾಗ ಹೇಳಿದ್ರ ದೋಷಿಲ್ಲ!" ಎಂದು ಹುರಿದುಂಬಿಸಿದರು. ಮದುವೆ ಮನೆಯಲ್ಲಿ ಹೊಸ್ತಿಲ ಮೇಲೆ ನಿಲ್ಲಿಸಿಕೊಂಡು ಗಂಡನ ಹೆಸರನ್ನು ಪದ ಕಟ್ಟಿ ಹೇಳಿಸುವ ಉಮೇದು ಅವರ ಮುಖದಲ್ಲಿತ್ತು. ಬಸವೇಶ್ವರಿ ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟಳು:

"ಬಿಸಿ ರೊಟ್ಟಿಗಿ ಪುಂಡಿಪಲ್ಲೆ ಜೋಡಿ,
ಶಹಾಪುರದ ಗುಡ್ಡಕ್ಕ ಮುಗಿಲಿನ ಮೋಡಿ,
ಸೂಗಪ್ಪನವರ ಹೆಸರ ಹೇಳ್ತೀನಿ ಹಾಲ್‌ಟಿಕೇಟಿನ ಹಾದಿ ನೋಡಿ."

ಚಪ್ಪಾಳೆ ಬಿದ್ದವು. ಬಸ್ಸಿಗೆ ಕಾಯುತ್ತಿದ್ದವರೂ ಇಣುಕಿದರು. ಶಹಾಪುರಕ್ಕೆಲ್ಲ ತಿಳಿದ ಪಾಸ್‌ವರ್ಡನ್ನು ಶಿವಶರಣ ಒತ್ತಿದ. ತಪ್ಪು ಎಂದಿತು ಕಂಪ್ಯೂಟರು.

"ಸೂ ಅಂದ್ರ ಯು ಏನ್ರಿ, ಡಬಲ್ ಓ ಏನ್ರಿ?"

ಬಸವೇಶ್ವರಿಗೆ ನೆನಪಾಗಲಿಲ್ಲ. ನಾಚಿಕೆಯಲ್ಲಿ ಒತ್ತಿದ ಅಕ್ಷರಗಳು ಅವು.

"ನಮ್ಮ ಅಳಿಯಾನೂ ಸೂಗಪ್ಪನೇ. ಅಂವ ಡಬಲ್ ಓ ಬರಿತಾನ," ಎಂದ ಒಬ್ಬ ಮುದುಕ. ಡಬಲ್ ಓ ಒತ್ತಿದರು. ತಪ್ಪು.

"ನಮ್ಮ ಡಿಪೋದಾಗಿನ ಸೂಗಪ್ಪಗ ಒಂದೇ ಪಿ," ಎಂದ ಕಂಡಕ್ಟರ್. ಕೈಯೆತ್ತಿಸಿ ಬಹುಮತ ಕೇಳಿದರು. ಒಂದೇ ಪಿ ಗೆದ್ದಿತು. ಅದೂ ತಪ್ಪಾಗಿ, ಪರದೆ ಕೆಂಪಾಗಿ, ಖಾತೆಗೆ ಬೀಗ ಬಿತ್ತು.

"ಇನ್ನ ಓಟಿಪಿನೇ ಬೇಕ್ರಿ," ಎಂದ ಶಿವಶರಣ, ಒಂದು ಗುಂಡಿ ಒತ್ತಿ. "ಕಳಿಸೀನಿ. ಕಡೀಗಿ ಏಳು ನಾಕು ಇರೋ ನಂಬರಿಗಿ ಹೋಗ್ಯದ. ಯಾರ ಹತ್ರ ಅದ?"

"ನಮ್ಮತ್ತಿ ಹತ್ರ," ಎಂದಳು ಬಸವೇಶ್ವರಿ. ದನಿ ಬಾವಿಯೊಳಗಿಂದ ಬಂದಂತಿತ್ತು.

ಕೇಳದಿದ್ದರೆ ಹಾಲ್‌ಟಿಕೇಟಿಲ್ಲ, ಪರೀಕ್ಷೆಯಿಲ್ಲ, ಜೂನಿನಲ್ಲಿ ಬರಿಗೈ. ಕೇಳಿದರೆ ಹತ್ತೊಂಬತ್ತು ವರ್ಷದ ಮ್ಯಾಟ್ರಿಕ್ ಸೊಸೆ ಹತ್ತು ನಿಮಿಷದಲ್ಲಿ ಕಟ್ಟೆಯ ಮೇಲೆ ಸಾಯುತ್ತಾಳೆ. ಒಂಬತ್ತು ನಿಮಿಷ ಉಳಿದಿದ್ದಾಗ ಫೋನು ಹಚ್ಚಿದಳು.

"ಅತ್ತಿ, ಒಂದು ನಂಬರ್ ಬಂದದೇನ್ರಿ?"

"ಬಂದದ. ಆರು ಅಂಕಿದು. ಓಣಿ ತುಂಬ ಒದರೀನಿ, ಯಾರೂ ಹೂಂ ಅನವಲ್ಲರು. ಬಾಜೂಮನಿ ಶಾಂತಾದೇವಿ ನಂದಲ್ಲ ಅಂತಾಳ, ಮುನ್ನಿಬೀ ನಂದಲ್ಲ ಅಂತಾಳ. ವಾರಸದಾರರೇ ಇಲ್ಲದ ನಂಬರ್ ಬಂದು ಕುಂತದ ನೋಡು!"

"ಅದು ನಂದರಿ. ಒಳಗ ಹೋಗ್ರಿ ಅತ್ತಿ, ಹೇಳ್ತೀನಿ."

"ಒಳಗ ಯಾಕ? ಇಲ್ಲೇ ಹೇಳು."

"ನಿಮ್ಮ ಕಾಲು ಬೀಳ್ತೀನಿ. ಅಡಗಿಮನಿಗಿ ಹೋಗ್ರಿ."

ಚಪ್ಪಲಿಯ ಸದ್ದು, ಬಳೆಯ ಸದ್ದು, ಹಿಂದಿನಿಂದ ಶಾಂತಾದೇವಿಯ "ಯಾರದಂತ್ರಿ?" ಎಂಬ ದನಿ ದೂರವಾದದ್ದು, ಎಲ್ಲ ಕೇಳಿಸಿತು. ಬಸವೇಶ್ವರಿ ಒಂದೇ ಉಸಿರಿನಲ್ಲಿ ಹೇಳಿದಳು: "ನಾ ಹತ್ತನೇತ್ತ ಫೇಲರಿ ಅತ್ತಿ. ಗಣಿತದಾಗ. ನಾಡದಾ ಪರೀಕ್ಷಾ ಬರಿಬೇಕು, ಆ ನಂಬರ್ ಬೇಕು."

ಸಹಾಯಕ್ಕೆಂದು ಶಿವಶರಣ ಗಾಜಿನ ಕಿಂಡಿಯಿಂದ ಕತ್ತು ಚಾಚಿ ಫೋನಿಗೆ ಕೂಗಿದ: "ಹದಿನೇಳು ಬಂದಿದ್ವಂತ್ರಿ ಅಮ್ಮಾ!"

"ಥೂ! ಯಾರಂವ ಬಾಯಿಬಡುಕ? ಸಣ್ಣಗ ಮಾತಾಡು ಅನ್ನು ಅವನಿಗಿ!" ಎಂದಳು ಗೊಲ್ಲಾಳಮ್ಮ. ಆಮೇಲೆ ಫೋನಿನಲ್ಲಿ ಒಂದು ಸದ್ದು ಬಂತು. ಬಸವೇಶ್ವರಿಗೆ ಮೊದಲು ಗುರುತು ಹತ್ತಲಿಲ್ಲ. ಹಗಲು ಹೊತ್ತಿನಲ್ಲಿ ಎಂದೂ ಕೇಳದ, ತಮ್ಮ ಮನೆಯ ಮುಂಬಾಗಿಲಿಗೆ ಚಿಲಕ ಬೀಳುವ ಸದ್ದು. ಗೊಲ್ಲಾಳಮ್ಮ ಆರು ಅಂಕಿಗಳನ್ನು ಉಸಿರಿನಲ್ಲೇ ಹೇಳಿ, "ಇದು ಯಾರಿಗರೆ ಗೊತ್ತದೇನು?" ಎಂದು ಕೇಳಿದಳು.

"ಯಾರಿಗೂ ಇಲ್ಲರಿ," ಎಂದಳು ಬಸವೇಶ್ವರಿ. ಸರದಿಯ ಜನರೆಲ್ಲ ಅವಳನ್ನೇ ನೋಡುತ್ತಿದ್ದರು.

ಹಾಲ್‌ಟಿಕೇಟು ಎರಡು ಪ್ರತಿ ಬಂತು. "ಒಂದು ಗ್ವಾಡಿಗಿ, ನಮೂನಿಗಿ," ಎಂದು ಶಿವಶರಣ ಗೋಂದು ಹುಡುಕುತ್ತಿರುವಾಗ ಬಸವೇಶ್ವರಿ ಎರಡನ್ನೂ ಕಸಿದುಕೊಂಡು ಹೊರಬಿದ್ದಳು.

ಮನೆಗೆ ಬಂದಾಗ ಬಾಗಿಲು ಇನ್ನೂ ಮುಚ್ಚಿತ್ತು.

"ಹತ್ತೊಂಬತ್ತು ವರ್ಷ ಮ್ಯಾಟ್ರಿಕ್ ಸೊಸಿ, ಮ್ಯಾಟ್ರಿಕ್ ಸೊಸಿ ಅಂತ ಕುಣದೀನಲ್ಲಬೇ," ಎಂದು ಗೊಲ್ಲಾಳಮ್ಮ ಪಿಸುಗುಟ್ಟಿದಳು. ಪಿಸುಗುಟ್ಟಿ ರೂಢಿಯಿಲ್ಲದ ಗಂಟಲು, ಮಧ್ಯೆ ಮಧ್ಯೆ ಸೀಳುತ್ತಿತ್ತು. "ನಿಮ್ಮ ಕಾಕಾ ಆಗ್ಯದ ಅಂದಿದ್ದನಲ್ಲ!"

"ಆಗಿತ್ತಲ್ರಿ. ಪಾಸಾಗ್ಯದ ಅಂತ ಅಂದಿಲ್ಲ."

"ಬಲೇ ಕಾಕಾ!" ಗೊಲ್ಲಾಳಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಆತು. ಶಾಂತಾದೇವಿಗಿ ತಿಳೀತಂದ್ರ ನಾ ಕಟ್ಟಿ ಮ್ಯಾಲ ಹೆಂಗ ಕೂಡ್ಲಿ? ಇದು ಹೊಸ್ತಿಲ ದಾಟಬಾರದು. ನೀ ಓದು. ಬಾಗಿಲ ನಾ ಕಾಯ್ತೀನಿ."

ಅಂದಿನಿಂದ ಗೊಲ್ಲಾಳಮ್ಮ ಬೇರೆಯೇ ಹೆಂಗಸಾದಳು. ತನ್ನದೊಂದು ಗುಟ್ಟು ಹುಟ್ಟಿದ್ದೇ ತಡ, ಊರಿನ ಗುಟ್ಟುಗಳೆಲ್ಲ ಆಕೆಗೆ ಪವಿತ್ರವಾಗಿ ಕಂಡವು. ಸಂಜೆ ಒಂದು ಓಟಿಪಿ ಬಂದಾಗ ಕೂಗಲಿಲ್ಲ. ಶಾಂತಾದೇವಿಯನ್ನು ಕಣ್ಸನ್ನೆಯಿಂದ ಒಳಗೆ ಕರೆದು, ಬಾಗಿಲು ಹಾಕಿ, ಕಿವಿಗೆ ಕೈಯೊಡ್ಡಿ, "ನಿನ್ನ ಗ್ಯಾಸು. ಮೂರು ಒಂದು ಒಂದು ಐದು. ಯಾರ ಮುಂದೂ ಅನಬ್ಯಾಡ," ಎಂದಳು.

ಶಾಂತಾದೇವಿ ಬೆವರುತ್ತ ಹೊರಬಂದಳು. ಗ್ಯಾಸಿನ ನಂಬರಿಗೆ ಇಷ್ಟು ಪರದೆ ಯಾಕೆ? ಒಳಗೆ ಏನೋ ನಡೆದಿದೆ. ವಾರಸುದಾರರಿಲ್ಲದ ಆರಂಕಿ, ಮುಚ್ಚಿದ ಬಾಗಿಲು, ಎರಡು ತಿಂಗಳಲ್ಲಿ ಎರಡು ಸಲ ಶಹಾಪುರಕ್ಕೆ ಹೋದ ಸೊಸೆ. ಈ ಮೂರನ್ನೂ ಕೂಡಿಸಲು ಓಣಿಗೆ ಗಣಿತ ಪುಸ್ತಕ ಬೇಕಾಗಲಿಲ್ಲ. ದೀಪ ಹಚ್ಚುವಷ್ಟರಲ್ಲಿ ಉತ್ತರ ಸಿಕ್ಕಿತ್ತು. ಯಾದಗಿರಿಯ ಗಂಜ್ ಮಾರುಕಟ್ಟೆಯಲ್ಲಿ ಕೆಲಸ ಮಾಡಿ ವಾರಕ್ಕೊಮ್ಮೆ ಬರುವ ಸೂಗಪ್ಪ ಅಲ್ಲಿ ಇನ್ನೊಂದು ಮನೆ ಮಾಡಿದ್ದಾನೆ. ಬಸವೇಶ್ವರಿ ಗಂಡನಿಂದ ಬಿಡುಗಡೆಗೆಂದು ಶಹಾಪುರದಲ್ಲಿ ವಕೀಲರನ್ನು ಹಿಡಿದಿದ್ದಾಳೆ. ಪಾಪ, ಅತ್ತೆ ಬಾಗಿಲು ಹಾಕಿಕೊಂಡು ಸೊಸೆಯ ಕಾಲು ಹಿಡಿಯುತ್ತಿದ್ದಾಳೆ.

ಮರುದಿನ ಬೆಳಿಗ್ಗೆ ಸೂಗಪ್ಪನೇ ಹೆಂಡತಿಗೆ ಫೋನು ಮಾಡಿದ. "ಏನ ನಡಸೀರಿ ಅಲ್ಲಿ? ಗಂಜಿನ್ಯಾಗ ಹಮಾಲರು ನನಗ ಸಣ್ಣ ಮನಿ ಎಲ್ಲಿ ಮಾಡೀದಿ ಅಂತ ಕೇಳಾಕತ್ತಾರ! ನನಗ ಇರೋ ಒಂದು ಮನೀಗೇ ಬರಾಕ ಆಗವಲ್ದು."

ಬಸವೇಶ್ವರಿಗೆ ನಗು ಬರಲಿಲ್ಲ. ತನ್ನ ಗುಟ್ಟಿನ ಮೇಲೆ ಮುಚ್ಚಿದ ಮುಚ್ಚಳ ಗಂಡನ ಮರ್ಯಾದೆಯದಾಗಿತ್ತು.

ಹೊತ್ತೇರುವಷ್ಟರಲ್ಲಿ ಶಾಂತಾದೇವಿ ಒಂದು ಬಟ್ಟಲು ಗೋಧಿ ಹುಗ್ಗಿ ತಂದಳು. ಸಾವಿನ ಮನೆಗೂ ಇಷ್ಟು ಮೆತ್ತಗೆ ಕಾಲಿಡುವವಳಲ್ಲ. ಹಿಂದೆಯೇ ಮುನ್ನಿಬೀ. "ಬೇಟಿ, ನಮ್ಮ ಭಾವನ ಮಗ ವಕೀಲ ಅದಾನ. ಫೀಸು ತಗೋಳಂಗಿಲ್ಲ, ಮನಿ ಮಗ." ಅವರ ಹಿಂದೆ ಅರ್ಧ ಓಣಿ ಕಟ್ಟೆಯ ಸುತ್ತ ನಿಂತಿತ್ತು.

ಗೊಲ್ಲಾಳಮ್ಮ ಎಲೆ ಮಡಿಚುತ್ತ ಕೂತಿದ್ದಳು. ಒಂದು ಕಡೆ ಮಗನ ಹೆಸರು, ಇನ್ನೊಂದು ಕಡೆ ಮ್ಯಾಟ್ರಿಕ್ ಸೊಸೆ. ಎಲೆಗೆ ಎರಡನೆಯ ಸಲ ಸುಣ್ಣ ಹಚ್ಚಿದಳು. ಸೊಸೆಗೆ ಮಾತ್ರ ಬೇಡ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದಳು.

ಬಸವೇಶ್ವರಿ ಅತ್ತೆಯನ್ನು ನೋಡಲಿಲ್ಲ. ಹೊಸ್ತಿಲು ದಾಟಿ, ಕಟ್ಟೆಯ ಅಂಚಿಗೆ ಬಂದು ನಿಂತಳು.

"ಕೇಳ್ರಿ ಎಲ್ಲಾರೂ. ಸೌಭಾಗ್ಯನ ಅಪ್ಪಂದು ಏನೂ ತಪ್ಪಿಲ್ಲ. ನಾನೇ ಹತ್ತನೇತ್ತ ಫೇಲ್ ಅದೀನಿ. ಗಣಿತದಾಗ ಹದಿನೇಳು. ಈಗ ಮತ್ತ ಪರೀಕ್ಷಾ ಕಟ್ಟೀನಿ. ಶಹಾಪುರಕ್ಕ ಅದಕ್ಕೇ ಹೋಗಿದ್ದೆ."

ಗೊಲ್ಲಾಳಮ್ಮ ಕಣ್ಣು ಮುಚ್ಚಿಕೊಂಡಳು. ಬಸವೇಶ್ವರಿ ಬಿದ್ದುಹೋಗುವ ಆಕಾಶಕ್ಕಾಗಿ ಕಾಯುತ್ತ ನಿಂತಳು.

ಶಾಂತಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡ್ರಿ ಹೆಂಗದ ಹೆಣ್ಣಿನ ಜೀವ! ಗಂಡನ ಮಾನ ಉಳಿಸಾಕ ತಾನೇ ಫೇಲ್ ಅಂತ ಹೇಳಿಕೊಳ್ಳಾಕತ್ಯಾಳ."

"ಇಲ್ಲರಿ, ಖರೇನ! ನೋಡ್ರಿ, ಹಾಲ್‌ಟಿಕೇಟು!"

ಹಾಳೆ ಕೈಯಿಂದ ಕೈಗೆ ಹೋಯಿತು. ಮುನ್ನಿಬೀ ಕನ್ನಡಕ ಏರಿಸಿ ಓದಿದಳು. "ಖಾಸಗಿ ಅಂತ ಬರದದ. ಖಾಸಗಿ ಅಂದ್ರ ಸರ್ಕಾರಿ ಅಲ್ಲ. ಬೇಟಿ, ಇಂಥಾವು ಶಹಾಪುರದಾಗ ಯಾರು ಬೇಕಾದ್ರೂ ಮಾಡಿಕೊಡ್ತಾರ."

"ಇಷ್ಟು ಚೊಲೋ ಕಥಿ ಕಟ್ಟಬೇಕಂದ್ರ ಮ್ಯಾಟ್ರಿಕ್ ಪಾಸೇ ಆಗಿರಬೇಕವ್ವ," ಎಂದಳು ಶಾಂತಾದೇವಿ. ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು.

ಗೊಲ್ಲಾಳಮ್ಮ ಒಂದು ಕಣ್ಣು ತೆರೆದಳು. ಮ್ಯಾಟ್ರಿಕ್ ಸೊಸೆ ಉಳಿದಿದ್ದಳು, ಹೋದದ್ದು ಮಗ. ಅದು ನ್ಯಾಯವಲ್ಲ ಎನ್ನಿಸಿ ಎದ್ದು ನಿಂತು, "ನನ್ನ ಮಗನಾಣಿ, ಆಕಿ ಫೇಲೇ ಅದಾಳ್ರಿ!" ಎಂದು ತನ್ನ ಹಳೆಯ ದನಿಯಲ್ಲಿ ಒದರಿದಳು. ಬಾವಿ ಓಣಿಯ ಆ ತುದಿಗೂ ಕೇಳಿತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗನನ್ನು ಉಳಿಸಲು ತಾಯಿ ಅಷ್ಟಾದರೂ ಒದರದಿದ್ದರೆ ಹೇಗೆ?

ಮರುದಿನ ಬೆಳಿಗ್ಗೆ ಬಸವೇಶ್ವರಿ ಪೆನ್ನು, ಪಟ್ಟಿ, ಕೈವಾರದ ಡಬ್ಬಿ ಹಿಡಿದುಕೊಂಡು, ಗಣಿತ ಪುಸ್ತಕವನ್ನು ಬಗಲಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಬಸ್ಸು ಹತ್ತಿದಳು. ಮುನ್ನಿಬೀಯೂ ಬಟ್ಟೆ ತರಲು ಶಹಾಪುರಕ್ಕೇ ಹೊರಟಿದ್ದಳು. ಪಕ್ಕದಲ್ಲಿ ಕೂತಳು.

"ಎಲ್ಲಿಗಿ ಬೇಟಿ?"

"ಗಣಿತ ಪರೀಕ್ಷಾ ಬರಿಯಾಕರಿ."

"ಹೂಂ, ಹೂಂ," ಎಂದಳು ಮುನ್ನಿಬೀ. ದನಿ ಜೇನಿನಂತಿತ್ತು.

ಬಸ್ಸು ಊರು ದಾಟಿತು. ಬಸವೇಶ್ವರಿ ಪುಸ್ತಕ ತೆರೆದಳು. ಎರಡು ತಿಂಗಳು ತುಟಿ ಅಲ್ಲಾಡಿಸದೆ ಓದಿದ್ದ ಸೂತ್ರಗಳನ್ನು ಮೊದಲ ಬಾರಿಗೆ ಗಟ್ಟಿಯಾಗಿ, ಇಡೀ ಬಸ್ಸಿಗೆ ಕೇಳುವಂತೆ ಹೇಳಿಕೊಳ್ಳತೊಡಗಿದಳು: "ಎ ಪ್ಲಸ್ ಬ್ರಾಕೆಟಿನಾಗ ಎನ್ ಮೈನಸ್ ಒಂದು, ಇಂಟು ಡಿ..."

ಮುನ್ನಿಬೀ ಅವಳ ಕೈಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದಳು. "ಎಲ್ಲಾ ಆ ವಕೀಲನ ಮುಂದ ಹಿಂಗೇ ಧೈರ್ಯಾಗಿ ಹೇಳು, ಬೇಟಿ. ಏನೂ ಮುಚ್ಚಿಡಬ್ಯಾಡ."